ಬೆಳಗೊಳದಿಂದ ಯಶವಂತಪುರಕ್ಕೆ ದಿನಾ ರೈಲಾ? ಮೊದಲು ಸಂಜೆ ರೈಲು ನೋಡಿ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ, ಬರೆಯೋಕೆ ಈಗ ಪುರುಸೊತ್ತಾಯ್ತು. ಶ್ರವಣಬೆಳಗೊಳದ ಹತ್ತಿರ ಎರಡು ಎಕರೆ ತೆಂಗಿನ ತೋಟ ಇದೆ, ಪೀಣ್ಯದ ಕೆಲಸ ಬಿಡೋಕೆ ಆಗಲ್ಲ, ಸಂಸಾರ ಊರಲ್ಲೇ ಇಟ್ಟು ದಿನಾ ರೈಲಲ್ಲಿ ಓಡಾಡಿದರೆ ಹೇಗೆ ಅಂತ ಕೇಳಿದ್ದೀರಿ. ಒಬ್ಬರು ‘ಆರಾಮಾಗಿ ಆಗುತ್ತೆ’ ಅಂದಿದ್ದಾರೆ, ಇನ್ನೊಬ್ಬರು ‘ತಲೆ ಕೆಟ್ಟಿದೆಯಾ’ ಅಂದಿದ್ದಾರೆ. ನಾನು ಎರಡು ವರ್ಷ ದಿನಾ ಓಡಾಡಿದವನು, ಈಗ ವಾರಕ್ಕೆ ಮೂರು ದಿನ ಓಡಾಡುತ್ತೇನೆ. ತೋಟದ ಗುಂಪಿನಲ್ಲಿ ರೈಲಿನ ಪುರಾಣ ಯಾಕೆ ಅಂತ ಅಡ್ಮಿನ್ ಬೇಜಾರು ಮಾಡ್ಕೋಬೇಡಿ. ತೋಟದ ವಿಷಯವೂ ಇದರೊಳಗೇ ಇದೆ.

ಎಲ್ಲರೂ ಬೆಳಗಿನ ರೈಲು ನೋಡಿ ಲೆಕ್ಕ ಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹಾಸನದಿಂದ ಬೆಳಿಗ್ಗೆ ಹೊರಡುವ ಇಂಟರ್‌ಸಿಟಿ ಹತ್ತಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಯಶವಂತಪುರ. ಅಲ್ಲೇ ಹಸಿರು ಮೆಟ್ರೋ, ಪೀಣ್ಯಕ್ಕೆ ನೇರ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಬೆಳಿಗ್ಗೆ ರೈಲು ತಪ್ಪಿದರೆ ಚನ್ನರಾಯಪಟ್ಟಣಕ್ಕೆ ಬಂದು ಬಸ್ಸು ಹಿಡಿಯಬಹುದು, ಆಫೀಸಿಗೆ ಒಂದು ಫೋನ್ ಮಾಡಬಹುದು. ಸಂಜೆ ತಪ್ಪಿದರೆ? ಯಶವಂತಪುರದಿಂದ ಆರರ ನಂತರ ಹೊರಡುವ ರೈಲು ನಿಮ್ಮ ಶಿಫ್ಟ್ ಮುಗಿಯೋದನ್ನು ಕಾಯೋದಿಲ್ಲ. ಮೇಲಿನವರು ಐದು ಮುಕ್ಕಾಲಿಗೆ ‘ಐದೇ ನಿಮಿಷ, ಒಂದು ಮಾತು’ ಅಂತ ಕರೆದರು ಅಂದ್ರೆ ಮುಗೀತು. ಆಮೇಲೆ ಬಸ್ಸು ಹಿಡಿದು ಪಟ್ಟಣದಲ್ಲಿ ಇಳಿದು, ರಾತ್ರಿ ಹನ್ನೊಂದಕ್ಕೆ ಯಾರಾದರೂ ಬೈಕ್ ತರುತ್ತಾರಾ ಅಂತ ದಾರಿ ನೋಡುತ್ತಾ ನಿಲ್ಲಬೇಕು. ಅದಕ್ಕೇ ಮೊದಲು ಮ್ಯಾನೇಜರ್ ಹತ್ತಿರ ಐದು ಗಂಟೆಗೆ ಬಿಡ್ತೀರಾ ಅಂತ ಕೇಳಿ. ಟೈಮ್ ಟೇಬಲ್ ಆಮೇಲೆ ನೋಡಿದರಾಯಿತು.

ಇನ್ನು ಟಿಕೆಟ್. ಸೀಸನ್ ಟಿಕೆಟ್, ಅಂದ್ರೆ ದಿನಾ ಓಡಾಡುವವರ ಪಾಸ್, ಕೊಡೋದು 150 ಕಿ.ಮೀ. ದೂರದವರೆಗೆ ಮಾತ್ರ. ಹಾಸನದಿಂದ ಯಶವಂತಪುರ ಅದನ್ನು ದಾಟುತ್ತದೆ, ಹಾಗಾಗಿ ಹಾಸನದವರಿಗೆ ಆ ಭಾಗ್ಯ ಇಲ್ಲ. ಬೆಳಗೊಳ ಒಳಗೇ ಬರುತ್ತದೆ, ನಿಮಗೆ ಸಿಗುತ್ತದೆ. ತಿಂಗಳ ಪಾಸಿಗೆ ಹೆಚ್ಚುಕಮ್ಮಿ ಹದಿನೈದು ಸಲ ಒಂದು ಕಡೆ ಹೋಗುವಷ್ಟು ದುಡ್ಡು. ಮೂರು ತಿಂಗಳಿನದು ಅದರ 2.7 ಪಟ್ಟು. ಹಳೆಯ ಪಾಸ್ ಮುಗಿಯೋಕೆ ಹತ್ತು ದಿನ ಇರುವಾಗಲೇ ಹೊಸದು ಮಾಡಿಸಬಹುದು, ಈಗ ರೈಲ್‌ಒನ್ ಆ್ಯಪಿನಲ್ಲೇ ಆಗುತ್ತದೆ. ತಿಂಗಳ ಮೊದಲ ಸೋಮವಾರ ಕೌಂಟರ್ ಮುಂದೆ ನಿಲ್ಲೋ ಕರ್ಮ ಬೇಡ. 2025ರ ಜುಲೈನಲ್ಲಿ ರೈಲು ದರ ಏರಿಸಿದಾಗಲೂ ಸೀಸನ್ ಟಿಕೆಟ್ ಮುಟ್ಟಲಿಲ್ಲ.

ಆದರೆ ಪಾಸ್ ಇದೆ ಅಂತ ಎಲ್ಲಾದರೂ ಹತ್ತೋ ಹಾಗಿಲ್ಲ. ರೈಲಿನ ನಂಬರ್ 12, 20 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್. ನಮ್ಮ ಇಂಟರ್‌ಸಿಟಿ 22680, ವಾಪಸ್ 22679. ಪಾಸ್ ಮಾಡಿಸುವಾಗಲೇ ಸೂಪರ್‌ಫಾಸ್ಟ್ ಸರ್‌ಚಾರ್ಜ್ ಸೇರಿಸಿಕೊಳ್ಳಿ. ರಿಸರ್ವ್ ಬೋಗಿಗೆ ಕಾಲಿಡಬೇಡಿ. ನಾನು ಒಂದು ಸೋಮವಾರ ಜನರಲ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ ಅಂತ ಪಕ್ಕದ ಬೋಗಿ ಹತ್ತಿದೆ. ಕುಣಿಗಲ್ ದಾಟುವಷ್ಟರಲ್ಲಿ ಟಿಕೆಟ್ ತಪಾಸಣೆ ಮಾಡೋ ಟಿಟಿಇ ಬಂದರು. ಪಾಸ್ ತೋರಿಸಿದೆ. ಅವರು ಪಾಸ್ ನೋಡಿದರು, ಬೋಗಿ ನೋಡಿದರು, ನನ್ನ ಮುಖ ನೋಡಿದರು, ರಸೀದಿ ಪುಸ್ತಕ ತೆಗೆದರು. ದಂಡವೇ ಕನಿಷ್ಠ 250 ರೂಪಾಯಿ, ಜೊತೆಗೆ ಟಿಕೆಟ್ ದುಡ್ಡು. ತಪ್ಪು ನಂದೇ, ತೆತ್ತೆ.

ವಾರಕ್ಕೆ ಒಂದೆರಡು ಸಲ ಮಾತ್ರ ಹೋಗೋದಾದರೆ ಪಾಸ್ ದಂಡ. ಸಾದಾ ಜನರಲ್ ಟಿಕೆಟ್ ಸಾಕು. ಅದನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಂಡು ಸಂಜೆ ಹತ್ತೋಣ ಅಂದ್ಕೋಬೇಡಿ. 199 ಕಿ.ಮೀ. ಒಳಗಿನ ಟಿಕೆಟ್ ಆದರೆ ತೆಗೆದ ಮೂರು ಗಂಟೆಯೊಳಗೆ ಅಥವಾ ಆ ಕಡೆಗೆ ಹೋಗುವ ಮೊದಲ ರೈಲಿಗೆ ಹೊರಡಬೇಕು.

ರೈಲು ತಡ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಯಾಕೆ ಅಂತ ಗೊತ್ತಿದ್ದರೆ ಸಿಟ್ಟು ಸ್ವಲ್ಪ ಕಮ್ಮಿ ಆಗುತ್ತೆ. ಹಾಸನದಿಂದ ಬೆಳಗೊಳದವರೆಗಿನ ತುಂಡು ಮೊದಲೇ ಆಗಿತ್ತು, ಕುಣಿಗಲ್ ಮೇಲೆ ಬೆಂಗಳೂರಿಗೆ ಪೂರ್ತಿ ಕೂಡಿದ್ದು 2017ರ ಮಾರ್ಚ್‌ನಲ್ಲಿ. ಈಗಲೂ ಅದು ಒಂಟಿ ಹಳಿ. ಎದುರಿನಿಂದ ಒಂದು ರೈಲು ಬಂತು ಅಂದ್ರೆ ಇಬ್ಬರಲ್ಲಿ ಒಬ್ಬರು ಯಾವುದಾದರೂ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ನಿಲ್ಲಲೇಬೇಕು. ಅದನ್ನೇ ನಾವು ಕ್ರಾಸಿಂಗ್ ಅನ್ನೋದು. ಒಂದು ರೈಲು ಇಪ್ಪತ್ತು ನಿಮಿಷ ತಡವಾದರೆ ಅದಕ್ಕೆ ದಾರಿ ಬಿಡಬೇಕಾದ ರೈಲೂ ಕಾಯುತ್ತದೆ, ಅದರ ಹಿಂದಿನದೂ ಕಾಯುತ್ತದೆ. ಮುಂದೆ ಚಿಕ್ಕಬಾಣಾವರದಲ್ಲಿ ನಮ್ಮ ಲೈನು ತುಮಕೂರು ಕಡೆಯ ಲೈನಿಗೆ ಸೇರುತ್ತದೆ. ಅಲ್ಲಿಂದಾಚೆ ಹುಬ್ಬಳ್ಳಿ, ಶಿವಮೊಗ್ಗ ಕಡೆಯ ರೈಲುಗಳ ಜೊತೆ ಸರದಿ.

ಮಳೆಗಾಲದಲ್ಲಿ ಮಂಗಳೂರು, ಕಾರವಾರ ಕಡೆಯಿಂದ ಬರುವ ರೈಲು ನಂಬಿಕೊಂಡು ಮೀಟಿಂಗ್ ಇಟ್ಟುಕೊಳ್ಳಬೇಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., ಅಷ್ಟರಲ್ಲಿ 57 ಸುರಂಗ. ಅಲ್ಲಿ ಗುಡ್ಡ ಜಾರಿದರೆ ಇಲ್ಲಿ ನಮ್ಮ ಪ್ಲಾಟ್‌ಫಾರಂ ಖಾಲಿ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಕುಸಿದಾಗ ಘಾಟಿಯ ರೈಲೆಲ್ಲಾ ನಿಂತಿತ್ತು. ಹಾಸನದಿಂದಲೇ ಹೊರಡುವ ರೈಲಿಗೆ ಆ ತೊಂದರೆ ಇಲ್ಲ. ನಿಮ್ಮ ದಿನದ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.

ಒಂದು ಸಂಜೆ ಹೇಳ್ತೀನಿ. ಡಿಸೆಂಬರ್ ಕೊನೆ, ಚಳಿ. ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿದ್ದು ನಲವತ್ತು ನಿಮಿಷ ಅಲ್ಲಾಡಲಿಲ್ಲ. ಮೊದಲ ಹತ್ತು ನಿಮಿಷ ಎಲ್ಲರೂ ಮೊಬೈಲಿನಲ್ಲಿ ಎದುರಿನ ರೈಲು ಎಲ್ಲಿದೆ ಅಂತ ಹುಡುಕಿದರು. ಆಮೇಲೆ ಎದುರಿಗೆ ಕೂತಿದ್ದ ಅಮ್ಮನವರು ಚೀಲ ಬಿಚ್ಚಿ ಅವರೆಕಾಯಿ ಬಿಡಿಸೋಕೆ ಶುರು ಮಾಡಿದರು. ಸುಮ್ನೆ ಕೂರೋದು ಯಾಕೆ ಅಂತ ಪಕ್ಕದವರು ಒಂದು ಹಿಡಿ ತಗೊಂಡರು, ನಾನೂ ತಗೊಂಡೆ. ಸೊಗಡಿನ ವಾಸನೆ ಬೋಗಿ ತುಂಬಾ. ಎದುರಿನ ರೈಲು ಕೂಗುತ್ತಾ ದಾಟಿ ಹೋಗುವಷ್ಟರಲ್ಲಿ ಮೂರು ಕೆ.ಜಿ. ಕಾಯಿ ಮುಗಿದಿತ್ತು. ಮನೆಗೆ ಹೋದಾಗ ಮಗಳು ಮಲಗಿದ್ದಳು. ವಾರದಲ್ಲಿ ಅದು ಮೂರನೇ ದಿನ. ದಿನಾ ಓಡಾಡೋದು ಸಾಕು ಅಂತ ನಾನು ತೀರ್ಮಾನ ಮಾಡಿದ್ದು ಅವತ್ತೇ.

ಈಗ ತೋಟಕ್ಕೆ ಬರೋಣ. ನೀವು ಮನೆ ಬಿಡೋದು ಬೆಳಿಗ್ಗೆ ಆರೂವರೆಗೆ, ವಾಪಸ್ ಬರೋದು ರಾತ್ರಿ ಎಂಟೂವರೆ, ಒಂಬತ್ತು. ಚಳಿಗಾಲದಲ್ಲಿ ವಾರದ ಐದು ದಿನ ನಿಮ್ಮ ತೋಟವನ್ನು ಬೆಳಕಿನಲ್ಲಿ ಸರಿಯಾಗಿ ನೋಡೋಕೇ ಆಗಲ್ಲ. ಗರಿ ಅಡಿಗೆ ಕಪ್ಪುತಲೆ ಹುಳು ಬಿದ್ದಿದ್ದು ನನಗೆ ಗೊತ್ತಾಗಿದ್ದು ಪಕ್ಕದ ತೋಟದವರು ಹೇಳಿದ ಮೇಲೆ. ಅಷ್ಟರಲ್ಲಿ ಕೆಳಗಿನ ಸುತ್ತು ಗರಿ ಸುಟ್ಟ ಹಾಗೆ ಆಗಿತ್ತು. ತ್ರೀ ಫೇಸ್ ಕರೆಂಟು ನೀವು ರೈಲಿನಲ್ಲಿರುವಾಗ ಬರುತ್ತೆ, ಹೋಗುತ್ತೆ. ಮೊಬೈಲಿನಿಂದ ಮೋಟರ್ ಆನ್ ಮಾಡುವ ಸ್ಟಾರ್ಟರ್ ಹಾಕಿಸಿದೆ, ಅದು ಚೆನ್ನಾಗಿದೆ. ಆದರೆ ಪೈಪ್ ಕಿತ್ತುಹೋಗಿ ನೀರು ಬದುವಿನ ಆಚೆ ಹರಿದರೆ ಸ್ಟಾರ್ಟರ್ ಹೇಳಲ್ಲ.

ಅದಕ್ಕೆ ನನ್ನ ಲೆಕ್ಕ ಹೀಗೆ: ಸೋಮವಾರ ಬೆಳಿಗ್ಗೆ ಹೋಗಿ ರಾತ್ರಿ ಅಲ್ಲೇ ಉಳಿಯೋದು, ಮಂಗಳವಾರ ಸಂಜೆ ವಾಪಸ್. ಬುಧವಾರ ಮನೆಯಿಂದ ಕೆಲಸ. ಗುರುವಾರ ಒಂದು ದಿನ ಹೋಗಿ ಬರೋದು. ಶುಕ್ರವಾರ ಮತ್ತೆ ಮನೆಯಿಂದಲೇ. ಜಾಲಹಳ್ಳಿಯಲ್ಲಿ ಇಬ್ಬರು ಸೇರಿ ಒಂದು ರೂಮ್ ಇಟ್ಟುಕೊಂಡಿದ್ದೇವೆ. ನಿಮ್ಮದು ಕಾರ್ಖಾನೆ ಕೆಲಸ ಆದರೆ ಮನೆಯಿಂದ ಮಾಡೋ ಮಾತೇ ಇಲ್ಲ. ಆಗ ವಾರಕ್ಕೆ ಎರಡು ರಾತ್ರಿಯಾದರೂ ಅಲ್ಲಿ ಉಳಿಯೋ ವ್ಯವಸ್ಥೆ ಮಾಡಿಕೊಳ್ಳಿ. ಐದೂ ದಿನ ಓಡಾಡುವುದು ಮೂರು ತಿಂಗಳು ನಡೆಯುತ್ತೆ, ಆಮೇಲೆ ಸೊಂಟ ಮಾತಾಡೋಕೆ ಶುರು ಮಾಡುತ್ತೆ.

ನಿಮ್ಮ ಮನೆಯವರೂ ಆಗಾಗ ಬೆಂಗಳೂರಿಗೆ ಬರೋದಿದ್ದರೆ ಬಸ್ಸೇ ಸರಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ. ನಮ್ಮ ಮನೆಯವಳು ಅವತ್ತಿನಿಂದ ರೈಲಿನ ಕಡೆ ತಿರುಗಿಯೂ ನೋಡಿಲ್ಲ. ಊರಿನಿಂದ ಕಾಯಿ ಒಯ್ಯುವುದಾದರೆ ಜನರಲ್‌ನಲ್ಲಿ 35 ಕೆ.ಜಿ.ವರೆಗೆ ಲಗೇಜು ಫ್ರೀ, ಆದರೆ ಸೋಮವಾರ ಬೆಳಿಗ್ಗೆ ಮೂಟೆ ತರಬೇಡಿ, ಜನ ಬೈತಾರೆ.

ಗುಂಪಿನಲ್ಲಿರುವ ಬೇರೆಯವರಿಗೂ ಎರಡು ಪ್ರಶ್ನೆ. ಹಾಸನದವರೆಗೂ ಕರೆಂಟ್ ಲೈನ್ ಎಳೆದಾಯ್ತು. ತುಮಕೂರಿಗೆ ಓಡುವ ಹಾಗೆ ಬೆಂಗಳೂರಿನಿಂದ ಕುಣಿಗಲ್, ಬೆಳಗೊಳಕ್ಕೂ ಒಂದು ಮೆಮು (ಕರೆಂಟಿನಲ್ಲಿ ಓಡುವ ಲೋಕಲ್ ರೈಲು) ಓಡಿಸಿ ಅಂತ ಯಾರಾದರೂ ಬರೆದುಕೊಟ್ಟಿದ್ದೀರಾ? ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ, 139 ಸಹಾಯವಾಣಿಯಲ್ಲಿ ಹೇಳಿದರೆ ಅದು ದೂರು ಮಾತ್ರ. ಹೊಸ ರೈಲು, ನಿಲುಗಡೆ ಬೇಕಾದರೆ ಡಿವಿಷನ್ ಮ್ಯಾನೇಜರಿಗೆ ಬರೆಯಬೇಕು, ದಿನಾ ಎಷ್ಟು ಜನ ಹತ್ತುತ್ತಾರೆ ಅನ್ನೋ ಲೆಕ್ಕದ ಜೊತೆ. ಎರಡನೆಯದು, ಹೊಳೆನರಸೀಪುರ, ಕೆ.ಆರ್. ನಗರದಿಂದ ಮೈಸೂರಿಗೆ ಪಾಸಿನಲ್ಲಿ ಓಡಾಡುವವರು ಇಲ್ಲಿ ಇದ್ದೀರಲ್ಲ, ನಿಮ್ಮ ಕಡೆ ಸಂಜೆ ಸೀಟು ಸಿಗುತ್ತಾ?

ಅಣ್ಣ, ಮನೆ ಬದಲಾಯಿಸೋ ಮುಂಚೆ ಒಂದು ವಾರ ಸುಮ್ನೆ ಓಡಾಡಿ ನೋಡಿ. ಅದರಲ್ಲಿ ಒಂದು ಸೋಮವಾರ, ಒಂದು ಶುಕ್ರವಾರ ಇರಲಿ. ಮುಂದಿನ ಗುರುವಾರ ನಾನು ಹೋಗ್ತಿದ್ದೀನಿ. ಇಂಜಿನ್ ಕಡೆಯ ಜನರಲ್ ಬೋಗಿ ಹತ್ತಿರ ನಿಂತಿರ್ತೀನಿ, ನೀಲಿ ಟಿಫನ್ ಚೀಲ.