ಬದಿಯಡ್ಕದ ಮನೆಗೆ ನೀರು ಕಾಯಿಸುವ ಹೀಟ್ ಪಂಪ್: ಸಿಒಪಿ ನೋಡಬೇಕೋ, ಎಸ್‌ಸಿಒಪಿಯೋ?

ಹೀಟ್ ಪಂಪ್ ಅಂದರೆ ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಯಂತ್ರ. ತಿಂದ ಕರೆಂಟಿನ ಎಷ್ಟು ಪಟ್ಟು ಶಾಖ ಕೊಡುತ್ತದೆ ಅನ್ನುವ ಸಂಖ್ಯೆಯೇ ಸಿಒಪಿ. ಸಿಒಪಿ 4 ಅಂದರೆ, ಆ ಕ್ಷಣದಲ್ಲಿ 1 ಯೂನಿಟ್ ಕರೆಂಟಿಗೆ 4 ಯೂನಿಟ್ ಶಾಖ. ಉಳಿದ 3 ಯೂನಿಟ್ ಹೊರಗಿನ ಗಾಳಿಯಿಂದ ಬರುತ್ತದೆ. ಆದರೆ ಇದು ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಅಳೆದದ್ದು. ಎಸ್‌ಸಿಒಪಿ ಇಡೀ ಸೀಸನ್ನಿನ ಲೆಕ್ಕ: ಒಟ್ಟು ಕೊಟ್ಟ ಶಾಖವನ್ನು ಒಟ್ಟು ತಿಂದ ಕರೆಂಟಿನಿಂದ ಭಾಗಿಸಿದ್ದು.

ಆದರೆ ನಿಮಗೆ ಎಸ್‌ಸಿಒಪಿಯಿಂದ ಅಷ್ಟೇನೂ ಉಪಯೋಗವಿಲ್ಲ. ಅದು ಯುರೋಪಿನಲ್ಲಿ ಚಳಿಗೆ ಮನೆ ಬೆಚ್ಚಗಿಡುವ ಪಂಪುಗಳಿಗೆ ಮಾಡಿದ್ದು. ಅಲ್ಲಿನ 'ಸರಾಸರಿ' ಹವೆಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗೇ ಮಾದರಿ. ಅಲ್ಲಿ ಮೈನಸ್ 10 ಡಿಗ್ರಿ ಚಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಬದಿಯಡ್ಕ ಇರುವ ಕಾಸರಗೋಡಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಮಳೆಗಾಲದಲ್ಲೂ ನಮ್ಮ ಗಾಳಿ ಬೆಚ್ಚಗೇ ಇರುತ್ತದೆ, ಹಾಗಾಗಿ ಪಂಪಿಗೆ ವರ್ಷವಿಡೀ ಸುಲಭ.

ಇಲ್ಲಿ ಕರೆಂಟ್ ಬಿಲ್ಲು ನಿರ್ಧಾರ ಆಗುವುದು ನೀರನ್ನು ಎಷ್ಟು ಬಿಸಿ ಮಾಡುತ್ತೀರಿ ಅನ್ನುವುದರ ಮೇಲೆ. ಬಿಸಿ ಹೆಚ್ಚಿದಷ್ಟೂ ಸಿಒಪಿ ಇಳಿಯುತ್ತದೆ. ಅದಕ್ಕೇ ಬ್ರೋಶರಿನಲ್ಲಿರುವ ಸಿಒಪಿ, ಗಾಳಿ ಎಷ್ಟು ಡಿಗ್ರಿ, ನೀರು ಎಷ್ಟು ಡಿಗ್ರಿ ಇದ್ದಾಗಿನ ಸಂಖ್ಯೆ ಅಂತ ಕೇಳಿ. ಹೇಳದಿದ್ದರೆ ಆ ಸಂಖ್ಯೆ ಸುಮ್ನೆ.

200 ಲೀಟರನ್ನು 27ರಿಂದ 52 ಡಿಗ್ರಿಗೆ ಏರಿಸಲು ಸುಮಾರು 5.8 ಯೂನಿಟ್ ಶಾಖ ಬೇಕು. ಗೀಸರ್ ಅಷ್ಟೂ ಕರೆಂಟ್ ತಿನ್ನುತ್ತದೆ. ಸಿಒಪಿ 3 ಇರುವ ಪಂಪಿಗೆ 2 ಯೂನಿಟಿನೊಳಗೆ ಮುಗಿಯುತ್ತದೆ. ಟ್ಯಾಂಕಿನಲ್ಲಿ ಆರಿಹೋಗುವ ಬಿಸಿ ಬೇರೆ.

ಇಬ್ಬರೇ ಇರುವ ಮನೆಗೆ ನಾನಂತೂ ಹಾಕಿಸಲ್ಲ. ತೋಟವಿದ್ದು ಬಚ್ಚಲಿನ ಹಂಡೆಗೆ ತೆಂಗಿನ ಮಡಲು ಪುಕ್ಕಟೆ ಸಿಗುವುದಾದರೆ ಮೊದಲೇ ಬೇಡ. ಹಾಕಿಸುವುದಾದರೆ ಗಾಳಿಯಾಡುವ ಜಾಗದಲ್ಲಿಡಿ. ಮುಚ್ಚಿದ ಕೋಣೆಯಲ್ಲಿ ಅದು ತಾನೇ ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತದೆ.