ಆಟ ಬಿಟ್ಟು ಬ್ಯಾಸ್ಕೆಟ್‌ಬಾಲ್ ಕೋಚ್ ಆಗೋದು ಹೇಗಿರುತ್ತೆ?

ನೀವು ಕೇಳಿರುವುದು ಇಷ್ಟು: ವಯಸ್ಸು 29, ರಾಜ್ಯ ತಂಡಕ್ಕೆ ಆಡಿದ್ದೀರಿ, ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಹರಿದಿದೆ. ಬೆಂಗಳೂರಿನಲ್ಲಿ ಕೋಚಿಂಗ್‌ಗೆ ಇಳಿದರೆ ಜೀವನ ನಡೆಯುತ್ತಾ, ಆಟ ಬಿಟ್ಟ ಸಂಕಟ ಕಡಿಮೆ ಆಗುತ್ತಾ? ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಆಗಲ್ಲ. ನಾನು ಆಟ ನಿಲ್ಲಿಸಿದ್ದು 2009ರಲ್ಲಿ. ಇವತ್ತಿಗೂ ಕಂಠೀರವ ಸ್ಟೇಡಿಯಂ ಮುಂದೆ ಬಸ್ಸು ಹೋದರೆ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತದೆ.

ನಾನು ಸಿಮೆಂಟ್ ಕೋರ್ಟಿನಲ್ಲಿ ಬೂಟು ಸವೆಸಿದವನು. ಸ್ಪೋರ್ಟ್ಸ್ ಕೋಟಾದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು. ನಮ್ಮ ಕಾಲದ 'ಪ್ರೊಫೆಷನಲ್' ಆಟ ಅಂದರೆ ಅದೇ. ಬೆಳಗ್ಗೆ ಪ್ರಾಕ್ಟೀಸ್, ಮಧ್ಯಾಹ್ನ ಕೌಂಟರ್‌ನಲ್ಲಿ ಪಾಸ್‌ಬುಕ್ ಎಂಟ್ರಿ, ಸಂಜೆ ಮತ್ತೆ ಪ್ರಾಕ್ಟೀಸ್. ಬ್ಯಾಂಕು, ರೈಲ್ವೆ, ಸೇನೆಯ ತಂಡಗಳಿಂದಲೇ ಬ್ಯಾಸ್ಕೆಟ್‌ಬಾಲ್ ಆಡುವವರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಹತ್ತು ವರ್ಷ ಆಡಿದೆ. ಅದರಲ್ಲಿ ಏಳು ವರ್ಷ ಮೊದಲ ಐವರಲ್ಲಿ ನನ್ನ ಹೆಸರು ಇರಲಿಲ್ಲ. ಬೆಂಚ್ ಮೇಲೆ ಕೂತು ಕಾಯುವುದೇ ಕೆಲಸ. ಆಗ ಮನೆಯವರನ್ನು ಮ್ಯಾಚ್‌ಗೆ ಕರೆಯಲೂ ನಾಚಿಕೆ. ಆದರೆ ಕೋಚಿಂಗ್‌ಗೆ ಬೇಕಾದ್ದನ್ನೆಲ್ಲ ಕಲಿತದ್ದು ಆ ಬೆಂಚಿನಲ್ಲೇ. ಆಡುವವನ ಕಣ್ಣು ಚೆಂಡಿನ ಮೇಲೆ. ಚೆಂಡಿಲ್ಲದ ನಾಲ್ವರು ಏನು ಮಾಡುತ್ತಿದ್ದಾರೆ ಅನ್ನುವುದು ಕೂತವನಿಗೇ ಜಾಸ್ತಿ ಕಾಣುತ್ತದೆ.

ಸುಮ್ನೆ ನನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದ ಸ್ಟೀವ್ ಕೆರ್ ಅವರನ್ನೇ ನೋಡಿ. 1988ರಲ್ಲಿ ಅಲ್ಲಿನ ಎನ್‌ಬಿಎ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 50ನೆಯವರಾಗಿ ಆಯ್ಕೆಯಾದವರು. ಇಡೀ ವೃತ್ತಿಯ ಸರಾಸರಿ ಪಂದ್ಯಕ್ಕೆ 6 ಪಾಯಿಂಟ್ ಅಷ್ಟೇ. ಹೆಚ್ಚಿನ ಕಾಲ ಬೆಂಚಿನಿಂದ ಎದ್ದು ಹೋಗಿ ಆಡಿದವರು. ಆದರೂ ಶಿಕಾಗೊ ಬುಲ್ಸ್ ಜೊತೆ ಮೂರು, ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೊತೆ ಎರಡು ಚಾಂಪಿಯನ್‌ಶಿಪ್ ಗೆದ್ದರು. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಮೈಕೆಲ್ ಜೋರ್ಡನ್ ಪಾಸ್ ಕೊಟ್ಟಿದ್ದು ಇವರಿಗೆ, ಗೆಲುವಿನ ಶಾಟ್ ಹಾಕಿದ್ದೂ ಇವರೇ. ಆಮೇಲೆ ಟಿವಿ ಕಾಮೆಂಟರಿ, ಒಂದು ತಂಡದ ಮ್ಯಾನೇಜರ್ ಕೆಲಸ. ಒಂದು ದಿನವೂ ಕೋಚ್ ಆಗಿರದ ಮನುಷ್ಯ 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿ ಮೊದಲ ಸೀಸನ್ನಿನಲ್ಲೇ ಕಪ್ ಎತ್ತಿದರು. ಮುಂದೆ 2017, 2018, 2022. ಅವರಿಗೆ ಸಿಕ್ಕ ಆಟಗಾರರು ನಮಗೆ ಸಿಗಲ್ಲ, ಅದು ಬೇರೆ ಮಾತು!

ನನ್ನ ಮೊದಲ ವಾರ ಹೇಳುತ್ತೇನೆ ಕೇಳಿ. ಒಂದು ಶಾಲೆಯಲ್ಲಿ ಹತ್ತು ವರ್ಷದ ಮಕ್ಕಳಿಗೆ ಲೇ ಅಪ್, ಅಂದರೆ ಎರಡು ಹೆಜ್ಜೆ ಇಟ್ಟು ನೆಗೆದು ರಿಂಗ್ ಹತ್ತಿರದಿಂದ ಚೆಂಡು ಹಾಕುವುದನ್ನು ಹೇಳಿಕೊಡುತ್ತಿದ್ದೆ. ಒಬ್ಬಳು ಹುಡುಗಿ ಕೇಳಿದಳು, "ಸರ್, ಯಾವ ಕಾಲು ಮೊದಲು?" ಬಾಯಿಗೆ ಉತ್ತರ ಬರಲಿಲ್ಲ! ಸಾವಿರಾರು ಸಲ ಹಾಕಿದ ಶಾಟ್. ನಿಧಾನವಾಗಿ ಹೆಜ್ಜೆ ಇಟ್ಟು ನೋಡಿದೆ, ನನ್ನ ಕಾಲೇ ಗೊಂದಲಕ್ಕೆ ಬಿತ್ತು. ಬಲಗೈಯವರಿಗೆ ಮೊದಲು ಬಲಗಾಲು, ಆಮೇಲೆ ಎಡಗಾಲು, ಎಡಗಾಲಿನಲ್ಲೇ ನೆಗೆತ. ಮೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಈಗ "ಬಲ ಮೊಣಕೈಗೂ ಬಲ ಮೊಣಕಾಲಿಗೂ ದಾರ ಕಟ್ಟಿದೆ ಅಂದ್ಕೊಳ್ಳಿ, ಸೂತ್ರದ ಬೊಂಬೆ ಥರ ಎರಡೂ ಒಟ್ಟಿಗೆ ಮೇಲೆ ಹೋಗಬೇಕು" ಅನ್ನುತ್ತೇನೆ. ಆ ಒಂದು ವಾಕ್ಯಕ್ಕೆ ಎರಡು ವರ್ಷ ಹಿಡಿಯಿತು.

ಇನ್ನೊಂದು ತಮಾಷೆ. ನಾನು ಆಟ ಬಿಟ್ಟ ಮರುವರ್ಷವೇ ಥ್ರೀ ಪಾಯಿಂಟ್ ಗೆರೆ (ಅದರ ಆಚೆಯಿಂದ ಹಾಕಿದರೆ ಮೂರು ಪಾಯಿಂಟ್) 6.25 ಮೀಟರ್‌ನಿಂದ 6.75ಕ್ಕೆ ಹೋಯಿತು. ಅಂದರೆ ನಾನೇ ಮ್ಯಾಚ್‌ನಲ್ಲಿ ಹಾಕಿರದ ಶಾಟನ್ನು ಇನ್ನೊಬ್ಬರಿಗೆ ಕಲಿಸಬೇಕು. ಚಿಕ್ಕ ಮಕ್ಕಳ ಪಾಡು ಇನ್ನೂ ಕಷ್ಟ. ಮಿನಿ ಬ್ಯಾಸ್ಕೆಟ್‌ಬಾಲ್‌ಗೆ ರಿಂಗ್ 2.6 ಮೀಟರ್ ಎತ್ತರದಲ್ಲಿ ಇರಬೇಕು. ನನಗೆ ಸಿಕ್ಕ ಶಾಲೆಗಳಲ್ಲಿ ದೊಡ್ಡವರ 3.05 ಮೀಟರ್ ರಿಂಗ್ ಒಂದೇ. ಅಷ್ಟು ಮೇಲಕ್ಕೆ ಮುಟ್ಟಿಸಲು ಮಕ್ಕಳು ಸೊಂಟದಿಂದ ಚೆಂಡು ಎಸೆಯುತ್ತಾರೆ. ಆ ಅಭ್ಯಾಸ ಬಿಡಿಸುವ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಬಂದು, ಟ್ಯೂಷನ್ ಅಂತ ಹುಡುಗ ಮಾಯ.

ದುಡ್ಡಿನ ವಿಷಯ. ಕೋಚಿಂಗ್ ಒಂದನ್ನೇ ನಂಬಿದರೆ ಮೊದಲ ಎರಡು ಮೂರು ವರ್ಷ ಬಿಗಿ. ಒಂದು ಅಕಾಡೆಮಿ ನನಗೆ ನಾಲ್ಕು ತಿಂಗಳ ಸಂಬಳ ಕೊಡದೆ ಓಡಾಡಿಸಿತು. ಬ್ಯಾಂಕ್ ಕೆಲಸ ಇದ್ದದ್ದಕ್ಕೆ ತಡೆದುಕೊಂಡೆ. ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಮಾಡಿಕೊಳ್ಳಿ, ಅಷ್ಟು ಸಮಯ ಇಲ್ಲದಿದ್ದರೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಆದರೂ ಮಾಡಿ. ಮತ್ತೆ, ಅಪಾರ್ಟ್‌ಮೆಂಟ್ ಕ್ಲಾಸ್‌ಗಳಲ್ಲಿ ಅಪ್ಪ ಅಮ್ಮಂದಿರು ಮೊದಲು ಕೇಳುವುದು "ಸರ್, ಇದು ಆಡಿದ್ರೆ ಎತ್ತರ ಆಗ್ತಾನಾ?" ಅಂತ. ಆಗ್ತಾನೆ ಅಂತ ಸುಳ್ಳು ಹೇಳಬೇಡಿ. ಎತ್ತರ ಆದವರನ್ನು ಈ ಆಟ ಆರಿಸಿಕೊಳ್ಳುತ್ತದೆ, ಅಲ್ವಾ?

2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಡಿವಿಷನ್ ಬಿ (ಎರಡನೇ ದರ್ಜೆ) ಫೈನಲ್. ಭಾರತ 75, ಕಜಕಸ್ತಾನ 73. ಕೊನೆಯ ನಿಮಿಷಗಳಲ್ಲಿ ಸ್ಟೇಡಿಯಂ ಕಿತ್ತು ಹೋಗುವ ಹಾಗೆ ಕೂಗಾಟ. ಪಕ್ಕದಲ್ಲಿದ್ದ ಹಳೇ ಟೀಮ್‌ಮೇಟ್ "ಲೋ, ಆ ಶಾಟ್ ನೋಡಿದ್ಯಾ?" ಅಂತ ಭುಜ ಅಲುಗಾಡಿಸಿದ. ನಾನು ನೋಡಿರಲಿಲ್ಲ. ನಮ್ಮ ಬೆಂಚಿನ ಕಡೆ ನೋಡುತ್ತಿದ್ದೆ, ಯಾರು ಏಳುತ್ತಾರೆ ಅಂತ.

ನಿಮ್ಮ ವಿಷಯಕ್ಕೆ ಬರೋಣ. ಮೊದಲು ಫಿಸಿಯೊ ಮುಗಿಸಿ. ಆಮೇಲೆ ಮನೆ ಹತ್ತಿರದ ಕೋರ್ಟಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ. ನಾಲ್ಕು ಮಕ್ಕಳಿಗೆ ಒಂದು ತಿಂಗಳು ಲೇ ಅಪ್ ಹೇಳಿಕೊಡಿ. ಒಂದೇ ಷರತ್ತು, ಕುರ್ಚಿಯಿಂದ ಏಳಬಾರದು. ಮಾಡಿ ತೋರಿಸದೆ, ಬಾಯಿ ಮಾತಿನಲ್ಲೇ ಕಲಿಸಬೇಕು. ಮೂರನೇ ವಾರಕ್ಕೂ ಬೇಜಾರಾಗದಿದ್ದರೆ ಇಲ್ಲೇ ಬರೆಯಿರಿ, ಕೋರ್ಸಿನ ಅರ್ಜಿ ತುಂಬುವುದು ಹೇಗೆ ಅಂತ ಹೇಳುತ್ತೇನೆ.