ಮಹಿಷ ಬಂದಾಗ ಮಗು ಅತ್ತರೆ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ. ರಜೆಯಲ್ಲಿ ಪುತ್ತೂರಿನ ತವರಿಗೆ ಹೋದಾಗ 6 ವರ್ಷದ ಮಗಳನ್ನು 'ದೇವಿ ಮಹಾತ್ಮೆ' ಯಕ್ಷಗಾನ ಆಟಕ್ಕೆ ಕರೆದುಕೊಂಡು ಹೋಗಿದ್ದರು. 'ಅಮ್ಮಾ, ಇವರು ಯಾರು? ಏನು ಹೇಳ್ತಿದ್ದಾರೆ?' ಎಂದು ಅವಳು ಕೇಳುತ್ತಲೇ ಇದ್ದಳು, ಇವರು ಕಿವಿಯಲ್ಲಿ ಕಥೆ ಹೇಳುತ್ತಲೇ ಇದ್ದರು. ಆಮೇಲೆ ದೊಂದಿಯ ಬೆಳಕಿನಲ್ಲಿ, ಜನರ ನಡುವಿನಿಂದಲೇ ಮಹಿಷಾಸುರ ಬಂದ. ಮಗು ಚೀರಿ ಅತ್ತು, ಎದ್ದು ಮನೆಗೆ ಬರಬೇಕಾಯಿತು. 'ಅವಳಿಗೆ ಅರ್ಥವಾಗುವ ವಯಸ್ಸು ಬರುವ ತನಕ ಕಾಯಬೇಕೇ?' ಎನ್ನುವುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಕಾಯಬೇಡಿ. ಮಹಿಷ ಹಾಗೆ ಬರುವುದೇ ಹೆದರಿಸೋಕೆ. ನಿಮ್ಮ ಮಗಳು ಹೆದರಿದಳು. ಅಲ್ಲಿಗೆ ವೇಷಧಾರಿಯ ಕೆಲಸ ಸರಿಯಾಗಿ ಆಯಿತು, ಅಲ್ವಾ?

ಆದರೆ ಮುಂದಿನ ಸಲ ಒಂದು ಕೆಲಸ ಮಾಡಿ. ಆಟ ಶುರುವಾಗುವ ಮೊದಲೇ ಹೋಗಿ, ಮೇಳದವರನ್ನು ಕೇಳಿಕೊಂಡು ಅವಳನ್ನು ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿ. ಚಪ್ಪಲಿ ಹೊರಗೆ ಬಿಡಿ, ಒಳಗೆ ದೇವರಿಟ್ಟಿರುತ್ತಾರೆ. ಕಲಾವಿದರು ಸಾಲಾಗಿ ನೆಲದ ಮೇಲೆ ಕೂತು, ಕೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಬಣ್ಣದ ವೇಷದವರ, ಅಂದರೆ ರಾಕ್ಷಸರ ಪಾತ್ರ ಮಾಡುವವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು, ಒಂದೊಂದೇ ಚುಕ್ಕಿಯಾಗಿ ಮುಖದ ಮೇಲೆ ಇಡುತ್ತಾರೆ. ಅದಕ್ಕೆ ಚುಟ್ಟಿ ಅಂತ ಹೆಸರು. ಚುಕ್ಕಿಗಳು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಅರ್ಧ ಮುಖ ರಾಕ್ಷಸ, ಅರ್ಧ ಮುಖ ಪಕ್ಕದ ಮನೆ ಮಾವ. ಆ ಅರ್ಧ ಮುಖ ಒಮ್ಮೆ ಇವಳನ್ನು ನೋಡಿ ನಕ್ಕರೆ ಸಾಕು. ಆಮೇಲೂ ಅವಳು ಹೆದರಬಹುದು, ಆದರೆ ಎದ್ದು ಓಡುವುದಿಲ್ಲ.

ಕಥೆಯನ್ನು ಮನೆಯಲ್ಲೇ ಹೇಳಿ, ಊಟ ಮಾಡಿಸುವಾಗ. ಕೊನೆಯನ್ನೂ ಹೇಳಿಬಿಡಿ. ಆಟಕ್ಕೆ ಬರುವವರಲ್ಲಿ ಮಹಿಷ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರೂ ಇಲ್ಲ. ಹೇಗೆ ಬರುತ್ತಾನೆ, ಹೇಗೆ ಕುಣಿಯುತ್ತಾನೆ ಅಂತ ನೋಡೋಕೆ ಬರುತ್ತಾರೆ.

ಆಟದ ಮಧ್ಯೆ ಕಿವಿಯಲ್ಲಿ ಹೇಳುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ನೀವು ಹೇಳುವಷ್ಟು ಹೊತ್ತು ಅವಳ ಕಣ್ಣು ನಿಮ್ಮ ಮೇಲಿರುತ್ತದೆ, ರಂಗದ ಮೇಲಲ್ಲ. ಅಲ್ಲದೆ ಯಕ್ಷಗಾನದಲ್ಲಿ ಅದರ ಅಗತ್ಯವೂ ಕಡಿಮೆ. ಭಾಗವತರು ಪದ್ಯ ಹಾಡುತ್ತಾರೆ, ಅದಕ್ಕೆ ವೇಷ ಕುಣಿಯುತ್ತದೆ, ಆಮೇಲೆ ಅದನ್ನೇ ಮಾತಿನಲ್ಲಿ ಹೇಳುತ್ತದೆ. ಒಂದೇ ವಿಷಯ ಮೂರು ಸಲ ಬರುತ್ತದೆ. ಪದ್ಯ ಕಷ್ಟ, ಸರಿ. ಮಾತಿನ ಕನ್ನಡವೂ 6 ವರ್ಷಕ್ಕೆ ಭಾರವೇ. ಆದರೆ ಕುಣಿತ? ಕೋಪ ಬಂದಿದೆಯೋ, ಸೊಕ್ಕು ಬಂದಿದೆಯೋ ಅಂತ ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ. ಹಾಸ್ಯಗಾರ ಬಂದರಂತೂ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ.

ಬೇಕಿದ್ದರೆ ಅವಳ ಕಿವಿಗೆ ಒಂದೇ ಒಂದು ಕೆಲಸ ಕೊಡಿ. 'ಚೆಂಡೆ ಯಾವಾಗ ಶುರುವಾಗುತ್ತೆ ಅಂತ ಕೇಳಿಸ್ಕೋ' ಅನ್ನಿ. ಮೆತ್ತಗಿನ ಪದ್ಯಕ್ಕೆ ಹೆಚ್ಚಾಗಿ ಮದ್ದಳೆಯಷ್ಟೇ ಇರುತ್ತದೆ. ಯುದ್ಧವೋ ಅಬ್ಬರದ ಪ್ರವೇಶವೋ ಇದ್ದರೆ ಚೆಂಡೆ ಏಳುತ್ತದೆ. ಎರಡು ಸಲ ಗಮನಿಸಿದರೆ ಮೂರನೇ ಸಲ ಅವಳೇ ನಿಮ್ಮ ಕೈ ಹಿಡಿದು 'ಈಗ ಯಾರೋ ಬರ್ತಾರೆ' ಅನ್ನುತ್ತಾಳೆ.

ನಿದ್ದೆ ಬಂದರೆ ಮಲಗಲಿ. ನಾನು ಚಿಕ್ಕವನಿದ್ದಾಗ ನೋಡಿದ ಆಟಗಳಲ್ಲಿ ಮುಕ್ಕಾಲು ಪಾಲು ಚಾಪೆ ಮೇಲೆ ನಿದ್ದೆ ಮಾಡಿದ್ದೇ ಜಾಸ್ತಿ. 'ರಾಕ್ಷಸ ಬಂದಾಗ ಎಬ್ಬಿಸಿ' ಅಂತ ಹೇಳಿ ಮಲಗುತ್ತಿದ್ದೆ. ಚರುಮುರಿ ತಿಂದದ್ದು ಮಾತ್ರ ಪೂರ್ತಿ ನೆನಪಿದೆ. ಇಡೀ ರಾತ್ರಿ ಕಷ್ಟ ಅನ್ನಿಸಿದರೆ ಕಾಲಮಿತಿಯ ಆಟಗಳಿವೆ, ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುವಂಥವು.

ಮರುದಿನ 'ಏನು ಅರ್ಥವಾಯಿತು ಹೇಳು' ಅಂತ ಪರೀಕ್ಷೆ ಮಾಡಬೇಡಿ. ಸುಮ್ನೆ ಬಿಟ್ಟುಬಿಡಿ. ಅವಳು ನಿಮ್ಮ ದುಪಟ್ಟಾ ಸುತ್ತಿಕೊಂಡು, ಸೋಫಾ ಹಿಂದಿನಿಂದ ಅಬ್ಬರಿಸುತ್ತಾ ಬಂದರೆ ದೇವಿಯ ವೇಷ ನಿಮ್ಮದೇ. ಆವತ್ತು ಅಡುಗೆ ಸ್ವಲ್ಪ ತಡವಾದರೂ ಪರವಾಗಿಲ್ಲ.